ಮುನಿಗಂಗಮ್ಮನ ಮೂಗು

ಹುತ್ತೂರಿನ ರೇಷ್ಮೆ ಸಾಕುವ ಮನೆಗಳಲ್ಲಿ ಮುನಿಗಂಗಮ್ಮನ ಮಾತೆತ್ತಿದರೆ ಮೊದಲು ಬರುವುದು ಆಕೆಯ ಮೂಗು. ನೋಡಲು ಅಂಥ ಚೆಂದದ ಮೂಗೇನಲ್ಲ. ಅಗಲ, ನಡುವೆ ಸ್ವಲ್ಪ ತಗ್ಗು, ಎಡಕ್ಕೊಂದು ಕೆಂಪು ಕಲ್ಲಿನ ಬೊಟ್ಟು. ಆದರೆ ಅದು ದುಡಿಯುವ ಮೂಗು. ಹುಳುಮನೆಯ ಬಾಗಿಲಲ್ಲಿ ನಿಂತು ಒಂದೇ ಒಂದು ಉಸಿರೆಳೆದುಕೊಂಡರೆ ಸಾಕು, ನಿನ್ನೆ ಹಾಕಿದ ಸೊಪ್ಪು ಒದ್ದೆಯಾಗಿತ್ತು, ಮೂರನೇ ಸಾಲಿನ ತಟ್ಟೆಯಡಿ ಬೂಷ್ಟು ಹಿಡಿಯುತ್ತಿದೆ, ಯಾರೋ ತಲೆಗೆ ಘಮಘಮ ಎಣ್ಣೆ ಹಚ್ಚಿಕೊಂಡು ಒಳಗೆ ಬಂದುಹೋಗಿದ್ದಾರೆ ಎಂದು ಹೇಳಿಬಿಡುತ್ತಿದ್ದಳು. ಊರವರು ಅದನ್ನು ಕೈಗುಣ ಎಂದು ಕರೆದರು. ಮೊಟ್ಟೆ ಒಡೆದು ಮರಿಹುಳು ಹೊರಬರುವ ದಿನ ವೀಳ್ಯದೆಲೆ ಹಿಡಿದು ಬಂದು, "ಮೊದಲ್ನೇ ಸೊಪ್ಪು ನಿನ್ ಕೈಲೇ ಹಾಕ್ಬೇಕು ಗಂಗಕ್ಕ" ಎಂದು ಕರೆದೊಯ್ಯುತ್ತಿದ್ದರು. ಆಕೆ ಹೂವನ್ನೂ ಮುಡಿಯದೆ, ಮುಖಕ್ಕೆ ಅರಿಶಿನವನ್ನೂ ಹಚ್ಚದೆ ಹೋಗುತ್ತಿದ್ದಳು. ಆದರೆ ಕೈಗುಣದ ಮಾತನ್ನು ಮಾತ್ರ ಒಪ್ಪುತ್ತಿರಲಿಲ್ಲ. "ಕೈಲಿ ಏನೈತೆ? ಎಲ್ಲಾರ ಕೈಲೂ ಐದೇ ಬೆರಳು. ಮೂಗಿಟ್ಕೊಂಡು ಹುಳ ಸಾಕ್ರೇ" ಎನ್ನುತ್ತಿದ್ದಳು.

2008ರಲ್ಲಿ ಆಕೆ ತೀರಿಕೊಂಡಾಗ ತಿಥಿಯ ಊಟಕ್ಕೆ ಕುಳಿತವರು ಆಕೆ ಗೆದ್ದ ಬೆಳೆಗಳ ಲೆಕ್ಕ ಹಾಕಲಿಲ್ಲ. ಅವು ನೂರಾರು, ಯಾರಿಗೆ ನೆನಪು? ಎಲ್ಲರೂ ಹೇಳಿಕೊಂಡದ್ದು ಅರ್ಧ ಕೈತಪ್ಪಿಹೋದ ಒಂದೇ ಒಂದು ಬೆಳೆಯ ಕಥೆಯನ್ನು. ಇಲ್ಲಿ ಹೇಳಹೊರಟಿರುವುದೂ ಅದನ್ನೇ. ಅದಕ್ಕೆ ಮೊದಲು ಮುನಿಗಂಗಮ್ಮ ಯಾರು ಎನ್ನುವುದು ಒಂದಿಷ್ಟು ಗೊತ್ತಿರಬೇಕು.

ತವರು ಮುಳಬಾಗಿಲು ತಾಲ್ಲೂಕಿನ ಬೈರಕೂರು. ಮನೆಯಲ್ಲಿ ತೆಲುಗು, ಹೊಲದಲ್ಲಿ ಕನ್ನಡ. ಹದಿನೇಳನೇ ವಯಸ್ಸಿಗೆ ಕದಿರಪ್ಪನನ್ನು ಕಟ್ಟಿಕೊಂಡು ಹುತ್ತೂರಿಗೆ ಬಂದಾಗ ಆಕೆಗೆ ಮಾವಿನ ತೋಟದ ಕೆಲಸ ಗೊತ್ತಿತ್ತೇ ಹೊರತು ರೇಷ್ಮೆ ಹುಳುವಿನ ಮುಖ ನೋಡಿ ಗೊತ್ತಿರಲಿಲ್ಲ. ಆ ಊರಿನಲ್ಲಿ ಒಂದು ನಂಬಿಕೆಯಿತ್ತು. ಮನೆಗೆ ಹೊಸ ಸೊಸೆಯೋ ಹೊಸ ಮಗುವೋ ಬಂದ ಮೇಲೆ ಇಡುವ ಮೊದಲ ಬೆಳೆ ಅವರ ಹೆಸರಿನ ಬೆಳೆ. ಗೆದ್ದರೆ ಒಳ್ಳೆಯ ಕಾಲ್ಗುಣ, ಸೋತರೆ ಕೆಟ್ಟ ಕಾಲ್ಗುಣ. ಮುನಿಗಂಗಮ್ಮನ ಹೆಸರಿನ ಬೆಳೆಗೆ ಆ ವರ್ಷದ ಚಳಿಯಲ್ಲಿ ಸುಣ್ಣಕಟ್ಟು ರೋಗ ಬಂತು. ಹುಳುಗಳೆಲ್ಲ ಬಳಪದ ಕಡ್ಡಿಯಂತೆ ಬೆಳ್ಳಗೆ ಸೆಟೆದುಕೊಂಡವು. ಚಳಿಗೆ ಯಾರೂ ಬೈಯಲಿಲ್ಲ. "ಬೈರಕೂರಿಂದ ಕಾಲು ತಂದ್ಲು" ಎಂದರು. ಹನ್ನೆರಡು ವರ್ಷ, ಮಗ ವೇಣುಗೋಪಾಲ ಹುಟ್ಟಿ ಅವನ ಹೆಸರಿನ ಬೆಳೆ ಗೆಲ್ಲುವ ತನಕ, ಆ ಬೀದಿಯಲ್ಲಿ ಯಾರ ಮನೆಯ ಹುಳುವಿನ ಹತ್ತಿರಕ್ಕೂ ಆಕೆಯನ್ನು ಬಿಟ್ಟುಕೊಳ್ಳಲಿಲ್ಲ. ಆ ಹನ್ನೆರಡು ವರ್ಷದಲ್ಲಿ ಆಕೆ ಮೂಗನ್ನು ಸಾಣೆ ಹಿಡಿದಳು. ಅತ್ತುಕೊಂಡು ಕೂರುವ ಜಾತಿಯವಳಲ್ಲ.

ಗಂಡ ಕದಿರಪ್ಪ ಒಳ್ಳೆಯ ಮನುಷ್ಯ, ಬೀಡಿಯೊಂದು ಬಿಟ್ಟರೆ. ನಲವತ್ತು ವರ್ಷದ ಸಂಸಾರದಲ್ಲಿ ಅವನು ಬೀಡಿ ಬಿಡಲಿಲ್ಲ, ಅವಳು ಬೀಡಿಯನ್ನು ಹೊಸಿಲು ದಾಟಲು ಬಿಡಲಿಲ್ಲ. ಸೇದಬೇಕೆನಿಸಿದರೆ ಕೆರೆಕಟ್ಟೆಗೆ ನಡೆದು ಹೋಗಬೇಕು, ಸೇದಿದ ಮೇಲೆ ಬಾಯಿ ಮುಕ್ಕಳಿಸಬೇಕು, ಟವೆಲ್ಲು ಬದಲಿಸಬೇಕು. "ನಂಗೆ ಇಬ್ಬರು ಹೆಂಡ್ತೀರು, ಒಬ್ಬಳು ಊರಲ್ಲಿ, ಒಬ್ಬಳು ಕಟ್ಟೆ ಮೇಲೆ" ಎಂದು ಅವನು ತಮಾಷೆ ಮಾಡುತ್ತಿದ್ದ. ಅದೇ ಕದಿರಪ್ಪನಿಗೆ 1993ರಲ್ಲಿ ಕಾಮಾಲೆ ಬಂದು ಕೋಲಾರದ ಆಸ್ಪತ್ರೆಗೆ ಸೇರಿಸಿದಾಗ ಮುನಿಗಂಗಮ್ಮ ಬೆಳೆದುನಿಂತ ಹುಳುವನ್ನು ತಟ್ಟೆಗಳ ಸಮೇತ ಪಕ್ಕದ ಮನೆಗೆ ಕೊಟ್ಟು, "ಉಳಿದ್ರೆ ನಿಂದು, ಹೋದ್ರೆ ನಂದು" ಎಂದು ಹೇಳಿ ಹನ್ನೊಂದು ದಿನ ಅವನ ಮಂಚದ ಕೆಳಗೆ ಮಲಗಿದಳು. ಹುಳುವನ್ನು ಆಕೆ ಕೈಬಿಟ್ಟದ್ದು ಆ ಒಂದೇ ಸಲ.

ಮಗ ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಡುಮ್ಕಿ ಹೊಡೆದು ಮೂಲೆ ಹಿಡಿದಾಗಲೂ ಆಕೆ ಗದರಲಿಲ್ಲ. "ಏನ್ಲಾ, ಬೆರಳುದ್ದದ ಹುಳ ನಾಲ್ಕು ಸಲ ಚರ್ಮ ಕಳಚ್ತದೆ. ನಿಂಗೆ ಎರಡನೇ ಸಲ ಪರೀಕ್ಷೆ ಬರಿಯೋಕೆ ನೋವಾ?" ಎಂದಳು. ಹುಡುಗ ಬರೆದ, ಪಾಸಾದ, ಮೇಷ್ಟ್ರಾದ. ಮಾಲೂರಿನ ಶಾಲೆಯಲ್ಲಿ ಕೆಲಸ ಸಿಕ್ಕಿತು. 1999ರಲ್ಲಿ ಬೆಂಗಳೂರಿನ ಅನಿತಳ ಜೊತೆ ಮದುವೆಯಾಯಿತು. ಮದುವೆಯಾಗಿ ಅವರು ಮಾಲೂರಿನಲ್ಲೇ ಸಂಸಾರ ಹೂಡಿದ್ದರಿಂದ ಅನಿತಳ ಹೆಸರಿನಲ್ಲಿ ಹುತ್ತೂರಿನಲ್ಲಿ ಯಾವ ಬೆಳೆಯೂ ಇಡಲಾಗಲಿಲ್ಲ. 2001ರ ಮೇ ತಿಂಗಳಲ್ಲಿ ಹೆಣ್ಣು ಮಗುವಾಯಿತು. ಮೇಧಾ ಎಂದು ಹೆಸರಿಟ್ಟರು. ಮುನಿಗಂಗಮ್ಮನ ಬಾಯಲ್ಲಿ ಅದು ಮೇದಮ್ಮ ಆಯಿತು.

ಆ ಅಕ್ಟೋಬರಿನಲ್ಲಿ ಒಂದು ಬೆಳೆ ಮುಗಿದು ಇನ್ನೊಂದು ಮೊಟ್ಟೆ ಬರುವುದರೊಳಗೆ ಸಿಕ್ಕ ನಾಲ್ಕು ದಿನದ ಬಿಡುವಿನಲ್ಲಿ ಮುನಿಗಂಗಮ್ಮ ಮಾಲೂರಿಗೆ ಹೋದಳು. ಬಾಗಿಲು ತೆಗೆದ ಸೊಸೆಯ ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಥರ್ಮಾಮೀಟರು.

"ಅತ್ತೆ, ಬೆಳಗ್ಗೆಯಿಂದ ಎರಡೇ ಸಲ ಸರಿಯಾಗಿ ಕುಡಿದಿದ್ದಾಳೆ. ಮೈ ತೊಂಬತ್ತೆಂಟು ಪಾಯಿಂಟ್ ಎಂಟು ಇದೆ. ಅದು ಜ್ವರಾನಾ?"

"ಅದು ಮಗೂನ ಮೈ ಬಿಸಿ ಕಣಮ್ಮ. ತಣ್ಣಗಿದ್ರೆ ಹೆದರ್ಬೇಕು."

"ತೂಕ ಏರ್ತಾನೇ ಇಲ್ಲ ಅತ್ತೆ. ಪಕ್ಕದ ಮನೆ ಮಗು ಇವಳಿಗಿಂತ ಚಿಕ್ಕದು, ಆದ್ರೂ ದಪ್ಪ ಇದೆ."

"ಪಕ್ಕದ ಮನೆ ಮಗೂನ ಅಪ್ಪ ಹೆಂಗವ್ನೆ?"

"ದಪ್ಪ ಇದ್ದಾರೆ."

"ನಮ್ ವೇಣು?"

ಅನಿತ ಮೂರು ತಿಂಗಳಲ್ಲಿ ಮೊದಲ ಸಲ ನಕ್ಕಳು. ಕೂಡಲೇ ಅಳಲು ಶುರುಮಾಡಿದಳು. ಮೇಜಿನ ಮೇಲೆ ಒಂದು ನೋಟ್ ಪುಸ್ತಕವಿತ್ತು. ಮಗು ಎಷ್ಟು ಹೊತ್ತಿಗೆ ಕುಡಿಯಿತು, ಎಷ್ಟು ಸಲ ಕಕ್ಕಿತು, ಎಷ್ಟು ಹೊತ್ತು ಮಲಗಿತು ಎಲ್ಲವನ್ನೂ ಗೆರೆ ಹೊಡೆದು ಬರೆದಿದ್ದಳು. ಓದಲು ಬಾರದ ಮುನಿಗಂಗಮ್ಮ ಆ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ಇದು ಹುಚ್ಚಲ್ಲ ಅನ್ನಿಸಿತು. ಹೀಗೆ ಗಳಿಗೆ ಗಳಿಗೆಗೂ ನೋಡುವವಳ ಕೈಗೆ ಹುಳು ಕೊಟ್ಟರೆ ಚೆನ್ನಾಗಿ ಸಾಕಿಯಾಳು. ಆದರೆ ಒಬ್ಬಳೇ ಮನೆಯಲ್ಲಿ ಕೂತು ಹೀಗೆ ನೋಡಿದರೆ ನೋಡುವವಳೇ ಸೊರಗುತ್ತಾಳೆ.

"ನಡಿ, ಬಟ್ಟೆ ಕಟ್ಕೋ. ವೇಣು ಹೋಟ್ಲಲ್ಲಿ ಉಣ್ತಾನೆ. ನೀನೂ ಮಗೂನೂ ಬಂದು ಎರಡು ತಿಂಗಳು ಇದ್ದುಹೋಗಿ" ಎಂದಳು. ಅನಿತ ಒಂದು ಮಾತೂ ಎದುರಾಡದೆ ಬ್ಯಾಗು ತುಂಬಿಕೊಂಡಳು.

ಹುತ್ತೂರಿಗೆ ಬಂದ ಮೂರನೇ ದಿನ ನೂರು ಚಿಟ್ಟೆ ಇಟ್ಟ ಮೊಟ್ಟೆಯ ಹಾಳೆ ಒಡೆದು, ಕರಿ ಎಳ್ಳಿನ ಹಾಗೆ ಮರಿಹುಳು ಹೊರಬಂದವು. ಎಂದಿನಂತೆ ಪಕ್ಕದ ಮನೆಯ ಮುನಿಶಾಮಮ್ಮ ನೋಡಲು ಬಂದಳು. ಮುನಿಗಂಗಮ್ಮನಿಗಿಂತ ಐದಾರು ವರ್ಷ ಚಿಕ್ಕವಳು, ನಾಲಿಗೆ ಮಾತ್ರ ಹತ್ತು ವರ್ಷ ದೊಡ್ಡದು.

"ಅಂತೂ ಮೊಮ್ಮಗಳ ಬೆಳೆ ಇಟ್ಟೆ ಅನ್ನು" ಎಂದಳು, ತೊಟ್ಟಿಲ ಕಡೆ ಕಣ್ಣು ಹಾಯಿಸಿ. "ಹೆಣ್ಣು ಕೂಸು. ಹೊಸ ಕಾಲು. ಏನ್ ತಂದೈತೋ ನೋಡಾನ."

"ಸದ್ಯಕ್ಕೆ ಉಚ್ಚೆ ಬಟ್ಟೆ ತಂದೈತೆ, ಒಗೆದು ಕೊಡ್ತೀಯಾ?" ಎಂದಳು ಮುನಿಗಂಗಮ್ಮ.

ಬಾಯಲ್ಲಿ ಹಾಗೆಂದರೂ ಎದೆಯಲ್ಲಿ ಒಂದು ಕಲ್ಲು ಬಿತ್ತು. ಬೀದಿಯವರೆಲ್ಲರ ಕಣ್ಣಿಗೂ ಇದು ಮೇದಮ್ಮನ ಬೆಳೆ. ಕೆಟ್ಟ ಕಾಲು ಎನ್ನಿಸಿಕೊಂಡು ಬದುಕುವುದು ಏನೆಂದು ಆ ಮನೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಐದು ತಿಂಗಳ ಕೂಸಿನ ಹಣೆಗೆ ಅದನ್ನು ಅಂಟಿಸಲು ಬಿಡುವುದಿಲ್ಲ, ಈ ಬೆಳೆಯನ್ನು ಹೇಗಾದರೂ ಗೂಡು ಕಟ್ಟಿಸಿಯೇ ಸೈ ಎಂದು ಅವತ್ತೇ ಗಟ್ಟಿ ಮಾಡಿಕೊಂಡಳು.

ಅನಿತಳನ್ನು ಕೂರಿಸಿಕೊಂಡು ಕಟ್ಟಳೆ ಹೇಳಿದಳು. ಹುಳು ಇರುವ ಮನೆಯಲ್ಲಿ ಹೊಗೆ ಆಗದು. ಊದಿನಕಡ್ಡಿ ಆಗದು, ಸೊಳ್ಳೆ ಬತ್ತಿ ಆಗದು, ಮೆಣಸಿನಕಾಯಿ ಒಗ್ಗರಣೆ ಆಗದು, ಪೌಡರು ಆಗದು. "ಒಟ್ನಲ್ಲಿ ಮೂಗಿಗೆ ಗೊತ್ತಾಗೋದು ಯಾವ್ದೂ ಬೇಡ, ಅಷ್ಟೇ ನೆನಪಿಟ್ಕೋ." ಅನಿತ ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡಳು. ಅವತ್ತೇ ಮಗುವಿನ ಪೌಡರ್ ಡಬ್ಬಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಆ ಕವರನ್ನು ಇನ್ನೊಂದು ಕವರಿನಲ್ಲಿ ಸುತ್ತಿ, ಬ್ಯಾಗಿನ ತಳಕ್ಕೆ ತಳ್ಳಿದಳು.

ಮೂರು ವಾರ ಎಲ್ಲವೂ ಸರಿಯಾಗಿಯೇ ನಡೆಯಿತು. ಮಗು ಅಜ್ಜಿಯ ತೊಡೆಯ ಮೇಲೆ ಮಲಗಿ ಎಣ್ಣೆ ನೀರು ಹಾಕಿಸಿಕೊಂಡು ಕೈಕಾಲು ತುಂಬಿಕೊಂಡಿತು. ಹುಳುಗಳೂ ನಾಲ್ಕನೇ ಸಲ ಚರ್ಮ ಕಳಚಿ ಎದ್ದು, ಬುಟ್ಟಿ ಬುಟ್ಟಿ ಸೊಪ್ಪು ಸರಸರನೆ ಮುಗಿಸತೊಡಗಿದವು. ನಲವತ್ತು ತಟ್ಟೆ ತುಂಬಿ ತುಳುಕುತ್ತಿದ್ದವು. ಇನ್ನು ಏಳೆಂಟು ದಿನ ತಿಂದರೆ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಏರುತ್ತವೆ.

ಆಗ ಮಗುವಿಗೆ ನೆಗಡಿಯಾಯಿತು. ಎರಡು ದಿನದಲ್ಲಿ ಅದು ಮಗುವನ್ನು ಬಿಟ್ಟು ಅಜ್ಜಿಗೆ ಹಿಡಿಯಿತು. ಎತ್ತಿಕೊಂಡು ಮುದ್ದಾಡುವವರಿಗೆ ಬರದೆ ಇನ್ನಾರಿಗೆ ಬರುತ್ತದೆ? ಮುನಿಗಂಗಮ್ಮನ ಮೂಗು ಅರಕು ಹಾಕಿದಂತೆ ಮುಚ್ಚಿಕೊಂಡಿತು. ಅದೇ ವಾರ ಪಕ್ಕದ ಊರಿನಲ್ಲಿ ಒಂದು ಮಗುವಿಗೆ ಮಿದುಳು ಜ್ವರ ಬಂದಿದೆಯಂತೆ, ಸೊಳ್ಳೆಯಿಂದಲೇ ಬರುವುದಂತೆ ಎಂದು ಸುದ್ದಿ ಹಬ್ಬಿತು. ಮಾರನೇ ದಿನ ಅನಿತ ಮಗುವಿನ ಕಾಲಿನ ಮೇಲೆ ಮೂರು ಕೆಂಪು ಗಂಧೆ ಕಂಡಳು. ಅವಳ ಜೀವ ಬಾಯಿಗೆ ಬಂತು. ಸೊಳ್ಳೆಪರದೆ ಇತ್ತು, ಸಾಲದು ಅನ್ನಿಸಿತು. ಮಾಲೂರಿನಿಂದ ತಂದ ಬ್ಯಾಗಿನಲ್ಲಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಮೆಷಿನ್ನೊಂದಿತ್ತು. ಒಳಗೆ ಎಣ್ಣೆಯ ಹಾಗೆ ಔಷಧಿ, ಮೇಲೊಂದು ಕೆಂಪು ದೀಪ. ಕಟ್ಟಳೆಯ ಹಾಳೆಯನ್ನು ಎರಡು ಸಲ ಓದಿದಳು. ಮೆಷಿನ್ನನ್ನು ಹಚ್ಚಿ, ಹತ್ತಿರ ಹೋಗಿ ಮೂಸಿ ನೋಡಿದಳು. ಹೊಗೆಯಿಲ್ಲ, ವಾಸನೆಯಿಲ್ಲ. ನೆಮ್ಮದಿಯಾಗಿ ಮಲಗಿದಳು.

ಅವಳು ಮಲಗುತ್ತಿದ್ದ ಕೋಣೆಗೂ ಹುಳುಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಹಳೆಯ ಹೆಂಚಿನ ಮನೆ. ಗೋಡೆ ಮೇಲಿನ ತನಕ ಹೋಗುವುದಿಲ್ಲ, ಎರಡು ಮೊಳ ಕೆಳಗೇ ನಿಂತುಬಿಡುತ್ತದೆ.

ಬೆಳಗ್ಗೆ ಆರಕ್ಕೆ ಸೊಪ್ಪಿನ ಬುಟ್ಟಿ ಹೊತ್ತು ಒಳಗೆ ಹೋದ ಮುನಿಗಂಗಮ್ಮ ಮೊದಲ ತಟ್ಟೆಗೆ ಸೊಪ್ಪು ಹರಡಿದಳು. ಹುಳು ಮೇಲೇರಲಿಲ್ಲ. ಬಾಗಿ ನೋಡಿದಳು. ತಲೆಯನ್ನು ಅತ್ತಿತ್ತ ಒಗೆಯುತ್ತಿದ್ದವು, ಬಾಯಲ್ಲಿ ಹಸಿರು ನೀರು. ಗೋಡೆ ಬದಿಯ ತಟ್ಟೆಗಳಲ್ಲಂತೂ ಹುಳು ಅಂಚಿನಿಂದ ಕೆಳಗುರುಳಿ ಬಿದ್ದಿದ್ದವು. ಉಸಿರೆಳೆದಳು. ಏನೂ ಬರಲಿಲ್ಲ. ಇನ್ನೊಮ್ಮೆ ಎಳೆದಳು. ಮೂಗು ಗೋಡೆಯ ಹಾಗೆ ಮುಚ್ಚಿತ್ತು.

"ಏಮಯ್ಯಾ!" ಎಂದು ಕೂಗಿದಳು. ಎದೆ ಒಡೆದಾಗ ಆಕೆಗೆ ತೆಲುಗೇ ಬರುತ್ತಿದ್ದುದು. "ಎಲ್ಲಿ ಸೇದಿದೆ? ನಿಜ ಹೇಳು, ಮನೆ ಒಳಗೆ ಸೇದಿದೆಯಾ?"

ಕದಿರಪ್ಪ ಕಂಬಳಿ ಹೊದ್ದುಕೊಂಡೇ ಓಡಿಬಂದ. "ಇಲ್ಲ ಕಣೇ, ನಿನ್ನಾಣೆ! ಇನ್ನೂ ಮುಖಾನೇ ತೊಳೆದಿಲ್ಲ, ಬೀಡಿ ಎಲ್ಲಿಂದ ಬಂತು?"

ಅವನ ಬಾಯಿಯನ್ನು ಮೂಸಿ ನೋಡಲೂ ಆಗದ ಸ್ಥಿತಿ ಅವಳದು. ಹುಳುಮನೆಯಿಂದ ಹೊರಬಂದು ಪಕ್ಕದ ಕೋಣೆಯ ಬಾಗಿಲು ತಳ್ಳಿದಳು. ಗೋಡೆಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಮಗುವಿನ ಪಕ್ಕದಲ್ಲಿ ಅನಿತ ಎದ್ದು ಕುಳಿತಳು.

"ಅದೇನಮ್ಮ?"

"ಸೊಳ್ಳೆಗೆ ಅತ್ತೆ. ಹೊಗೆ ಬರಲ್ಲ, ವಾಸನೇನೂ ಇಲ್ಲ. ನೀವು ಮೂಗಿಗೆ ಗೊತ್ತಾಗೋದು ಬೇಡ ಅಂದ್ರಲ್ಲ, ಅದಕ್ಕೇ ಹಚ್ಚಿ ಮೂಸಿ ನೋಡಿ ಆಮೇಲೆ ಹಾಕ್ದೆ."

"ಸೊಳ್ಳೆ ಸಾಯೋ ಗಾಳಿಗೆ ಹುಳ ಬದುಕ್ತದಾ?" ಎಂದು ಬಾಯಿಗೆ ಬಂದ ಮಾತನ್ನು ಮುನಿಗಂಗಮ್ಮ ಪೂರ್ತಿ ಆಡಿದಳು. ಆಡಿದ ಮೇಲೆ ತಾನೇ ನಿಂತುಬಿಟ್ಟಳು. ಈ ಹುಡುಗಿ ಹೇಳಿದ್ದನ್ನು ಅಕ್ಷರ ಬಿಡದೆ ಪಾಲಿಸಿದ್ದಾಳೆ. ವಿಷಕ್ಕೆ ವಾಸನೆ ಇರಲೇಬೇಕು ಎಂದು ನಂಬಿದ್ದವಳು, ಊರಿಗೆಲ್ಲ ಹಾಗೇ ಹೇಳಿಕೊಟ್ಟವಳು ತಾನು. ನೆಗಡಿ ಇಲ್ಲದಿದ್ದರೂ ಈ ಹೊಸ ವಿಷ ತನ್ನ ಮೂಗಿಗೆ ಸಿಗುತ್ತಿತ್ತು ಎಂಬ ಭರವಸೆ ಆ ಕ್ಷಣ ಅವಳಿಗಿರಲಿಲ್ಲ. ಪ್ಲಗ್ಗಿನಿಂದ ಅದನ್ನು ಕಿತ್ತು ಅಂಗಳಕ್ಕೆಸೆದಳು.

ಅನಿತ ತನ್ನ ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಿದ್ದಳು.

"ಅಳೋದು ಆಮೇಲೆ. ತಟ್ಟೆಗಳನ್ನ ಗಾಳಿಗೆ ತರ್ಬೇಕು. ಹಸಿ ಸೊಪ್ಪು ಹಾಕ್ಬೇಕು. ಬೇಗ ಆದ್ರೆ ಒಂದಷ್ಟು ಎದ್ದು ಕೂತಾವು."

ನಲವತ್ತು ತಟ್ಟೆ, ಒಂದೊಂದನ್ನೂ ಇಬ್ಬರು ಹಿಡಿಯಬೇಕು. ಮನೆಯಲ್ಲಿದ್ದದ್ದು ಸೊಂಟ ಹಿಡಿದ ಕದಿರಪ್ಪ, ಕೂಸಿನ ತಾಯಿ, ತಾನು. ಮೂರೇ ಜನ ಹೊತ್ತರೆ ಮಧ್ಯಾಹ್ನವಾಗುತ್ತದೆ, ಅಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಬೀದಿಯನ್ನು ಕರೆದರೆ ಹುಳು ಉಳಿಯಬಹುದು, ಆದರೆ ಕೂಸಿನ ಹೆಸರು? ಕದಿರಪ್ಪನಿಗೂ ಅದೇ ಯೋಚನೆ.

"ಕರಿ, ಕರಿ. ಆದ್ರೆ ಸೊಪ್ಪಿಗೆ ಔಷಧಿ ಬಿದ್ದಿತ್ತು ಅನ್ನು. ಪಕ್ಕದ ಟೊಮೇಟೊ ತೋಟದೋರು ಹೊಡೆದಿದ್ರು, ಗಾಳಿಗೆ ಬಂತು ಅನ್ನು."

"ಆ ಟೊಮೇಟೊ ತೋಟ ಮುನಿಶಾಮಮ್ಮಂದಲ್ವೇನಯ್ಯಾ!"

"ಹೌದಲ್ಲಾ" ಎಂದು ಕದಿರಪ್ಪ ತಲೆ ಕೆರೆದುಕೊಂಡ.

ಯಾರದೇ ತೋಟವಾಗಿದ್ದರೂ ಆಕೆ ಹಾಗೆ ಹೇಳುತ್ತಿರಲಿಲ್ಲ. ಜಗುಲಿಗೆ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂಗಿದಳು. "ಮುನಿಶಾಮಮ್ಮಾ! ಲೇ, ಎಲ್ಲಾರೂ ಬನ್ರೇ! ಹುಳ ಹೋಗ್ತಾ ಐತೆ!" ಮುನಿಗಂಗಮ್ಮ ಹೀಗೆ ಕೂಗಿದ್ದನ್ನು ಆ ಬೀದಿ ಎಂದೂ ಕೇಳಿರಲಿಲ್ಲ. ಏಳೆಂಟು ಹೆಂಗಸರು, ಹಿಂದೆ ನಾಲ್ಕು ಗಂಡಸರು ಓಡಿಬಂದರು. ಆಕೆ ಬಾಗಿಲಿಗೆ ಅಡ್ಡ ನಿಂತಳು.

"ಮೊದ್ಲು ಕೇಳಿ, ಆಮೇಲೆ ಒಳಗೆ ಬನ್ನಿ. ಸೊಳ್ಳೆ ಔಷಧಿ ಗಾಳಿ ಹುಳಕ್ಕೆ ಹೊಡೆದೈತೆ. ಹಚ್ಚಿದ್ದು ನನ್ ಸೊಸೆ, ಹೇಳ್ಕೊಡಬೇಕಾಗಿದ್ದೋಳು ನಾನು. ಮೂಗಿಗೆ ಸಿಗದ ವಿಷಾನೂ ಇರ್ತದೆ ಅಂತ ನಂಗೇ ಗೊತ್ತಿರಲಿಲ್ಲ. ಮೂಗು ಕಟ್ಕೊಂಡು ಗೊರಕೆ ಹೊಡೆದೋಳೂ ನಾನೇ."

"ಅಯ್ಯೋ ಗಂಗಕ್ಕ, ಮಗು ಬಂದ ಮೊದಲ್ನೇ ಬೆಳೇಲೇ ಹಿಂಗಾಯ್ತಲ್ಲ, ಅದರ ಕಾಲು..." ಎಂದು ಮುನಿಶಾಮಮ್ಮ ಶುರುಮಾಡಿದಳು.

"ಯಾವ ಕಾಲು? ಆ ಕೂಸಿನ ಕಾಲು ಇನ್ನೂ ನೆಲ ಮುಟ್ಟಿಲ್ಲ ಕಣೇ. ಐದು ತಿಂಗಳು ಅದಕ್ಕೆ. ನೆಲಾನೇ ಮುಟ್ಟದ ಕಾಲಿಗೆ ಗುಣ ಎಲ್ಲಿಂದ ಬಂತು? ನನ್ ಮೂಗು ನೋಡು, ಐವತ್ತೆಂಟು ವರ್ಷದಿಂದ ಇಲ್ಲೇ ಐತೆ. ಬೈಯೋದಿದ್ರೆ ಇದನ್ನ ಬೈಯಿ. ಬೈದಾದ್ಮೇಲೆ ತಟ್ಟೆ ಹಿಡಿ!"

ಹಿಂದೆ ನಿಂತಿದ್ದ ಗಂಡಸರಲ್ಲಿ ಯಾರೋ ಕಿಸಕ್ಕೆಂದರು. ನಗು ಹೊರಟ ಮೇಲೆ ಜನ ನಿಲ್ಲಲಿಲ್ಲ. ತಟ್ಟೆಗಳು ಒಂದರ ಹಿಂದೊಂದು ಹೊಂಗೆ ಮರದ ನೆರಳಿಗೆ ಬಂದವು. ಮುನಿಶಾಮಮ್ಮ ತನ್ನ ಹುಳುವಿಗೆಂದು ಕೊಯ್ದಿಟ್ಟಿದ್ದ ಎರಡು ಹೊರೆ ಎಳೆ ಸೊಪ್ಪನ್ನು, ಯಾರೂ ಕೇಳದೆಯೇ ತಂದು ಸುರಿದಳು. ನಾಲಿಗೆ ಅಂಥದ್ದು, ಕೈ ಇಂಥದ್ದು.

ಮಗುವನ್ನು ಮಾವನ ತೊಡೆಗೆ ಹಾಕಿ ಅನಿತ ಚಾಕ್‌ಪೀಸು ತಂದಳು. ಒಂದೊಂದು ತಟ್ಟೆಯ ಅಂಚಿಗೂ ಒಂದೊಂದು ನಂಬರು ಬರೆದಳು. ನೋಟ್ ಪುಸ್ತಕದಲ್ಲಿ ಹೊಸ ಹಾಳೆ ತೆಗೆದು ನಲವತ್ತು ಗೆರೆ ಹೊಡೆದಳು. ಕಾಲು ಗಂಟೆಗೊಮ್ಮೆ ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ನೋಡುತ್ತ ನಡೆದಳು. ತಲೆ ಎತ್ತಿದ್ದು, ಎತ್ತದ್ದು, ಸೊಪ್ಪು ಕಚ್ಚಿದ್ದು, ಕಚ್ಚದ್ದು.

"ಹದಿನೇಳು ಕಚ್ತಾ ಇದೆ ಅತ್ತೆ. ಇಪ್ಪತ್ತೆರಡು ಇನ್ನೂ ತಲೆ ಅಲ್ಲಾಡಿಸ್ತಾ ಇದೆ."

"ಇಪ್ಪತ್ತೆರಡಕ್ಕೆ ಇನ್ನಷ್ಟು ಎಳೇ ಸೊಪ್ಪು ಹಾಕು. ಒಂಬತ್ತು?"

ಅನಿತ ಪುಸ್ತಕ ನೋಡಿದಳು. ಇಲ್ಲವೆಂದು ತಲೆಯಾಡಿಸಿದಳು.

"ಆಗಲಿ, ಅದನ್ನ ಬಿಟ್ಟುಬಿಡು. ಇದ್ದದ್ದನ್ನ ನೋಡು."

ಸಂಜೆಯ ಹೊತ್ತಿಗೆ ಇಪ್ಪತ್ತೊಂದು ತಟ್ಟೆ ಉಳಿದಿದ್ದವು. ಹತ್ತೊಂಬತ್ತನ್ನು ಹಿತ್ತಿಲಲ್ಲಿ ಗುಂಡಿ ತೋಡಿ ಸುಣ್ಣ ಸುರಿದು ಮುಚ್ಚಿದರು. ಅನಿತ ಬಚ್ಚಲ ಕಲ್ಲಿನ ಮೇಲೆ ಕುಳಿತು ಹೇಳಿದಳು, "ನಾನು ನಾಳೆ ಮಾಲೂರಿಗೆ ಹೋಗ್ತೀನಿ ಅತ್ತೆ. ನನ್ನಿಂದ ನಿಮಗೆ..."

"ಹೋಗು, ಯಾರು ಬೇಡ ಅಂದ್ರು? ಗೂಡು ಕಟ್ಟಿದ್ಮೇಲೆ ಹೋಗು. ಈಗ ಮಗೂನ ಎತ್ಕೊಂಡು ಬಸ್ ಹತ್ತಿದ್ರೆ, ಬಾಗಿಲಲ್ಲಿ ನಿಂತು ನಾನು ಆಡಿದ ಮಾತನ್ನ ಊರು ನಂಬ್ತದಾ? ಓಡಿಹೋದೋರ ಮೇಲೇ ಎಲ್ಲಾ ಬೀಳೋದು." ಆ ಕಲ್ಲಿನ ಮೇಲೇ ಪಕ್ಕಕ್ಕೆ ಕೂತು ಮತ್ತೆ ಹೇಳಿದಳು. "ನೀನು ಹೆದರಿದ್ದು ತಪ್ಪಲ್ಲ ಕಣಮ್ಮ. ಹೆದರೋರು ಬೇಕು ಈ ಕೆಲ್ಸಕ್ಕೆ. ಗೊತ್ತಿಲ್ದಿದ್ದಾಗ ಕೇಳ್ಬೇಕು, ಅಷ್ಟೇ. ಇವತ್ತಿಂದ ನಾನೂ ಕೇಳ್ತೀನಿ. ಆ ಡಬ್ಬಿ ಮೇಲೆ, ಈ ಬಾಟ್ಲಿ ಮೇಲೆ ಏನ್ ಬರೆದೈತೆ ಅಂತ ನೀನು ಓದಿ ಹೇಳು."

ಐದನೇ ದಿನ ಉಳಿದ ಹುಳು ಹಣ್ಣಾದವು. ಮೈ ಅರಿಶಿನದ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತಿಳಿಯಾದವು. ಬಿದಿರಿನ ಚಾಪೆಯ ಮೇಲೆ ಸುರುಳಿ ಸುತ್ತಿದ ಚಂದ್ರಿಕೆಗಳಲ್ಲಿ ಅವನ್ನು ಬಿಟ್ಟರು. ಮನೆಯಲ್ಲಿ ನಲವತ್ತು ಚಂದ್ರಿಕೆಯಿದ್ದವು, ಇಪ್ಪತ್ತೊಂದು ತುಂಬಿದವು. ಮಿಕ್ಕ ಹತ್ತೊಂಬತ್ತನ್ನು ಹಿತ್ತಿಲಿಗೆ ಸರಿಸೋಣ ಎಂದ ಕದಿರಪ್ಪ. ಮುನಿಗಂಗಮ್ಮ ಬಿಡಲಿಲ್ಲ. ಅನಿತಳ ಕೈಲಿ ತೊಳೆಸಿ, ಬೀದಿಗೆ ಮುಖಮಾಡಿ ಜಗುಲಿಯ ಮೇಲೇ ನಿಲ್ಲಿಸಿದಳು. ಹುಳು ಕಳೆದುಕೊಂಡ ಮನೆಯ ಚಂದ್ರಿಕೆಯನ್ನು ಆ ಊರಿನಲ್ಲಿ ಯಾರೂ ಮುಟ್ಟುವುದಿಲ್ಲ. ಕೆಟ್ಟದ್ದು ಚಂದ್ರಿಕೆಯ ಜೊತೆ ಬರುತ್ತದೆ ಎಂಬ ಭಯ. ಜನ ತನ್ನ ಮಾತಿಗೆ ನಕ್ಕರೇ, ನಂಬಿದರೇ? ಕೂಸಿನ ಕಾಲಿನ ಮಾತು ಸತ್ತಿದೆಯೇ, ಬಾಗಿಲ ಹಿಂದೆ ಬದುಕಿದೆಯೇ? ಅದು ಗೊತ್ತಾಗಲು ಬೇರೆ ದಾರಿಯಿರಲಿಲ್ಲ.

ಎರಡು ದಿನ ಯಾರೂ ಬರಲಿಲ್ಲ. ಎದುರು ಮನೆಯವರ ಹುಳು ಹಣ್ಣಾಗಿತ್ತು. ಅವರು ಈ ಹತ್ತೊಂಬತ್ತು ಚಂದ್ರಿಕೆಯ ಮುಂದೆಯೇ ಗಾಡಿ ಕಟ್ಟಿಕೊಂಡು ಕ್ಯಾಲನೂರಿಗೆ ಹೋಗಿ ಬಾಡಿಗೆ ಚಂದ್ರಿಕೆ ತಂದರು. ಮುನಿಗಂಗಮ್ಮ ಜಗುಲಿಯ ಮೇಲೆ ಕೂತು ಎಲ್ಲವನ್ನೂ ನೋಡಿದಳು. ಚಂದ್ರಿಕೆಗಳನ್ನು ಮಾತ್ರ ಒಳಗೆ ಇಡಲಿಲ್ಲ. ಮೂರನೇ ದಿನ ಬೆಳಗ್ಗೆ ಮುಸುಕು ಮೋಡವಿದ್ದದ್ದರಿಂದ ಅನಿತ ಅವನ್ನೆಲ್ಲ ಇನ್ನೊಮ್ಮೆ ಒರೆಸಿ ತಿರುಗಿಸಿ ಇಡುತ್ತಿದ್ದಾಗ ಮುನಿಶಾಮಮ್ಮ ಬಂದಳು.

"ಗಂಗಕ್ಕ, ಹತ್ತು ಚಂದ್ರಂಕಿ ಬೇಕಾಗಿತ್ತು."

ಮುನಿಗಂಗಮ್ಮ ಬಗ್ಗಿಸಿದ ತಲೆಯನ್ನು ಎತ್ತಲಿಲ್ಲ. "ಈ ಮನೇದಾ? ನಿಮ್ಮತ್ತೆ ಇದ್ದಿದ್ರೆ ಕಾಲು ಮುರೀತಿದ್ಲು."

"ನಮ್ಮತ್ತೆ ಹೋಗಿ ಹದಿನೈದು ವರ್ಷ ಆಯ್ತು, ಅವಳಿಗ್ಯಾಕೆ ಚಂದ್ರಂಕಿ? ನಿನ್ ಮೂಗು ಕಟ್ಟಿದ್ರೆ ಬಿದಿರಿಗೇನಾಗಿರ್ತದೆ?" ಮುನಿಶಾಮಮ್ಮ ಬೀದಿಗೆಲ್ಲ ಕೇಳುವ ಹಾಗೇ ಹೇಳಿದಳು, ಅವಳಿಗೆ ಮೆಲ್ಲಗೆ ಹೇಳಲು ಬರುತ್ತಲೂ ಇರಲಿಲ್ಲ. "ಹಣ್ಣಾದ ಹುಳ ಕಾಯಲ್ಲ. ಕೊಡ್ತೀಯೋ ಇಲ್ವೋ?"

ಮುನಿಗಂಗಮ್ಮ ಬಾಯಿ ತೆರೆಯುವ ಮೊದಲೇ ಅನಿತ ಹೇಳಿದಳು, "ಈಗ ಕೊಡೋಕಾಗಲ್ಲ ಚಿಕ್ಕಮ್ಮ."

ಇಬ್ಬರೂ ತಿರುಗಿ ಅವಳನ್ನು ನೋಡಿದರು.

"ತೊಳೆದಿದೀನಿ. ಆದ್ರೆ ಈ ಕಡೆ ಸುರುಳಿ ಒಳಗೆ ಇನ್ನೂ ತೇವ ಇದೆ. ಬಿಸಿಲು ಬೀಳ್ಲಿ, ಮೂರು ಗಂಟೆಗೆ ತಗೊಂಡ್ಹೋಗಿ."

"ಮೂರು ಗಂಟೆ! ಅಷ್ಟೊತ್ತಿಗೆ ನನ್ ಹುಳ ತಟ್ಟೇಲೇ ನೂಲು ಬಿಟ್ಟಿರ್ತವೆ. ಹೇಳೇ ಗಂಗಕ್ಕ ನಿನ್ ಸೊಸೆಗೆ!"

"ನನ್ನ ಕೇಳ್ಬೇಡ. ಅವಳ ಪುಸ್ತಕದಲ್ಲಿ ಮೂರು ಅಂದ್ರೆ ಮೂರೇ."

ಮುನಿಶಾಮಮ್ಮ ಗೊಣಗಿಕೊಂಡು ಅಲ್ಲೇ ಜಗುಲಿಯ ಮೇಲೆ ಕುಕ್ಕರಿಸಿದಳು. ಒಂದು ಗಳಿಗೆ ಬೀದಿ ನೋಡಿದಳು. ಆಮೇಲೆ ಎರಡೂ ಕೈ ಚಾಚಿ, "ಸುಮ್ನೆ ಕೂತು ಏನ್ ಮಾಡ್ಲಿ, ಆ ಕೂಸ್ನಾದ್ರೂ ಕೊಡು ಇತ್ಲಾಗೆ" ಎಂದಳು.

ಅನಿತ ಆ ಕೈಗಳನ್ನೇ ನೋಡುತ್ತ ನಿಂತಳು.

"ಸೋಪಾಕಿ ತೊಳ್ದಿದೀನಮ್ಮ ತಾಯೀ, ಮೂಸಿ ಬೇಕಾದ್ರೂ ನೋಡು."

ಅನಿತ ಮಗುವನ್ನು ಕೊಟ್ಟಳು. ಮುನಿಶಾಮಮ್ಮ ಅದರ ಕಂಕುಳಿಗೆ ಕೈಕೊಟ್ಟು ತನ್ನ ಮಡಿಲಲ್ಲಿ ನಿಲ್ಲಿಸಿಕೊಂಡಳು. ಎರಡೂ ಪಾದಗಳನ್ನು ಅವಳ ಸೀರೆಯ ನೆರಿಗೆಯ ಮೇಲೆ ಊರಿ ಮೇದಮ್ಮ ಕುಪ್ಪಳಿಸತೊಡಗಿತು.

"ಅಬ್ಬಬ್ಬ, ಏನ್ ಒದೀತಾಳೆ ಗಂಗಕ್ಕ ಇವಳು!"

"ಒದೀಲಿ ಬಿಡು" ಎಂದಳು ಮುನಿಗಂಗಮ್ಮ. "ಮೂರು ಗಂಟೆ ತನಕ ನಿಂಗೇನು ಕೆಲ್ಸ?"